ಹುಡುಕಿದರೆ ಸಿಗಬೇಕು: ಡಿಜಿಟಲ್ ಗ್ರಂಥಾಲಯದ ಮೊದಲ ಪಾಠಗಳು

ಕಂಪ್ಯೂಟರಿನಲ್ಲಿ ‘ಪಂಪ’ ಎಂದು ಹುಡುಕಿದರೆ, ಅದರೊಳಗೇ ಇರುವ ಪಂಪ ಸಿಗದೆ ಹೋಗಬಹುದು. ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ್ದರೆ ಅಷ್ಟು ಸಾಕು. ‘ಪಂಪ’, ‘ಪ೦ಪ’: ಕಣ್ಣಿಗೆ ಎರಡೂ ಒಂದೇ. ಯಂತ್ರದ ಲೆಕ್ಕದಲ್ಲಿ ಮೊದಲನೆಯದರಲ್ಲಿ ಅನುಸ್ವಾರವಿದೆ, ಎರಡನೆಯದರಲ್ಲಿ ಅಂಕಿಯಿದೆ, ಎರಡಕ್ಕೂ ಸಂಬಂಧವಿಲ್ಲ. ಪುಸ್ತಕ ಇದೆ, ಓದಬೇಕೆಂಬವರೂ ಇದ್ದಾರೆ, ನಡುವೆ ಒಂದು ಸೊನ್ನೆ ಅಡ್ಡ ನಿಂತಿದೆ.

ಡಿಜಿಟಲ್ ಗ್ರಂಥಾಲಯ ಎಂದರೆ ಪಿಡಿಎಫ್‌ಗಳ ರಾಶಿ ಎಂದು ತಿಳಿದವರು ಬಹಳ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಇನ್ನೂರು ಪುಸ್ತಕಗಳು ಫೋನಿನಲ್ಲಿವೆ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಸಾವಿರ ಇವೆ ಎಂದು ಅಭಿಮಾನದಿಂದ ಹೇಳಿಕೊಳ್ಳುವವರಿದ್ದಾರೆ. ಅದು ಸಂಗ್ರಹ. ಸಂಗ್ರಹ ಗ್ರಂಥಾಲಯವಾಗಬೇಕಾದರೆ ಪ್ರತಿ ಪುಸ್ತಕಕ್ಕೂ ಐದು ಕೆಲಸ ಆಗಿರಬೇಕು: ಪುಟಗಳ ಚಿತ್ರ ಸರಿಯಾಗಿ ತೆಗೆದಿರಬೇಕು, ಚಿತ್ರದೊಳಗಿನ ಅಕ್ಷರ ಯಂತ್ರಕ್ಕೆ ತಿಳಿಯುವಂತಾಗಬೇಕು, ಪುಸ್ತಕದ ವಿವರ ದಾಖಲಾಗಬೇಕು, ಓದುವ ಹಕ್ಕು ಯಾರಿಗಿದೆ ಎಂಬುದು ಸ್ಪಷ್ಟವಾಗಬೇಕು, ಒಂದು ಕಡೆ ಹಾಳಾದರೆ ಇನ್ನೊಂದು ಕಡೆ ಉಳಿಯುವಂತೆ ನಕಲುಗಳಿರಬೇಕು. ಒಂದು ತಪ್ಪಿದರೂ ಪುಸ್ತಕ ಇದ್ದೂ ಇಲ್ಲದಂತೆ. ಕನ್ನಡದ ಮಟ್ಟಿಗೆ ಈ ಐದೂ ಪಾಠಗಳನ್ನು ಕಲಿಯಲು ಬೇಕಾದ ಉದಾಹರಣೆಗಳು ನಮ್ಮ ಸುತ್ತಲೇ ಇವೆ.

ಆರಂಭ ಎಲ್ಲಿ?

1971ರ ಜುಲೈ 4. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕಲ್ ಹಾರ್ಟ್, ತನಗೆ ಬಳಸಲು ಸಿಕ್ಕಿದ್ದ ದೊಡ್ಡ ಕಂಪ್ಯೂಟರಿನಲ್ಲಿ ಆ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಕೂತು ಟೈಪ್ ಮಾಡಿದರು. ಒಮ್ಮೆ ಒಳಸೇರಿಸಿದ ಪಠ್ಯವನ್ನು ಎಷ್ಟು ಮಂದಿ ಬೇಕಾದರೂ ಪಡೆಯಬಹುದು, ಆದರೂ ಮೂಲಕ್ಕೆ ಏನೂ ಕಡಿಮೆಯಾಗದು ಎಂಬ ಸರಳ ವಿಚಾರ ಅವರದು. ಅಲ್ಲಿಂದ ಬೆಳೆದದ್ದು ‘ಪ್ರಾಜೆಕ್ಟ್ ಗುಟೆನ್‌ಬರ್ಗ್’. 1996ರಲ್ಲಿ ಬ್ರೂಸ್ಟರ್ ಕಾಲ್ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ‘ಇಂಟರ್‌ನೆಟ್ ಆರ್ಕೈವ್’ ಆರಂಭಿಸಿದರು. ಇವತ್ತು ಹಳೆಯ ಕನ್ನಡ ಪುಸ್ತಕ ಹುಡುಕುವವರು ಮೊದಲು ಹೋಗುವುದು ಅಲ್ಲಿಗೇ.

ಭಾರತದಲ್ಲಿ ಈ ಕೆಲಸದ ಒಂದು ದೊಡ್ಡ ಅಧ್ಯಾಯ ಬೆಂಗಳೂರಿನಲ್ಲಿ ನಡೆಯಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕನಸು ಹೊತ್ತು ‘ಮಿಲಿಯನ್ ಬುಕ್ ಪ್ರಾಜೆಕ್ಟ್’ ಆರಂಭಿಸಿದಾಗ, ಭಾರತದ ಪಾಲುದಾರಿಕೆಯ ಮುಂಚೂಣಿಯಲ್ಲಿ ನಿಂತದ್ದು ಭಾರತೀಯ ವಿಜ್ಞಾನ ಸಂಸ್ಥೆ, ಪ್ರೊ. ಎನ್. ಬಾಲಕೃಷ್ಣನ್ ಅದರ ನೇತೃತ್ವ ವಹಿಸಿದ್ದರು. ಅದೇ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ದೇಶದ ಹಲವು ಗ್ರಂಥಾಲಯಗಳಿಂದ ಪುಸ್ತಕಗಳು ಬಂದವು, ಸ್ಕ್ಯಾನಿಂಗ್ ಕೇಂದ್ರಗಳು ತೆರೆದವು, ಲಕ್ಷಾಂತರ ಪುಸ್ತಕಗಳ ಪುಟಗಳು ಚಿತ್ರಗಳಾದವು. 2007ರ ಹೊತ್ತಿಗೆ ಚೀನಾ, ಭಾರತ ಮೊದಲಾದ ದೇಶಗಳ ಒಟ್ಟು ಲೆಕ್ಕ ಹದಿನೈದು ಲಕ್ಷ ಪುಸ್ತಕಗಳನ್ನು ದಾಟಿತ್ತು. ಅವುಗಳಲ್ಲಿ ಕನ್ನಡದ್ದೂ ಸಾವಿರಾರು ಇದ್ದವು.

ಇದೇ ಕಾಲಕ್ಕೆ ಮೈಸೂರಿನಲ್ಲೂ ಒಂದು ಪ್ರಯತ್ನ ನಡೆಯುತ್ತಿತ್ತು. ಪ್ರೊ. ಶಾಲಿನಿ ಅರಸ್ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾಲಯದ ‘ವಿದ್ಯಾನಿಧಿ’ ಯೋಜನೆ ಪಿಎಚ್‌ಡಿ ಪ್ರಬಂಧಗಳನ್ನು ಡಿಜಿಟಲ್ ರೂಪಕ್ಕೆ ತರಲು ಹೊರಟಿತು. ಪ್ರಬಂಧಗಳ ವಿವರಗಳನ್ನು ಕನ್ನಡ ಲಿಪಿಯಲ್ಲೇ ಯೂನಿಕೋಡ್‌ನಲ್ಲಿ ದಾಖಲಿಸಿದ್ದು ಅದರ ಹೆಚ್ಚುಗಾರಿಕೆ. 2002ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ವಿಜ್ಞಾನಿಗಳ ಸಂಶೋಧನಾ ಲೇಖನಗಳಿಗೆ ಮುಕ್ತ ಭಂಡಾರ ತೆರೆಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು.

ಒಂದನೇ ಪಾಠ: ಚಿತ್ರ

ಪುಟದ ಮೇಲೆ ಫೋನ್ ಹಿಡಿದು ಫೋಟೊ ತೆಗೆದರೆ ಆಯಿತಲ್ಲ ಎನ್ನಿಸಬಹುದು. ನೂರು ವರ್ಷದ ಹಿಂದಿನ ಪುಸ್ತಕವನ್ನು ಕೈಗೆತ್ತಿಕೊಂಡವರಿಗೆ ಕಷ್ಟ ಗೊತ್ತು. ಆಗಿನ ಅಗ್ಗದ ಮರದ ತಿರುಳಿನ ಕಾಗದದಲ್ಲಿ ಉಳಿದಿರುವ ಆಮ್ಲ ವರ್ಷ ಕಳೆದಂತೆ ಅದನ್ನು ಹಳದಿಯಾಗಿಸಿ, ಕೊನೆಗೆ ಹಪ್ಪಳದಂತೆ ಮುರಿಯುವ ಸ್ಥಿತಿಗೆ ತರುತ್ತದೆ. ಅಂಥ ಪುಸ್ತಕವನ್ನು ಜೆರಾಕ್ಸ್ ಯಂತ್ರದ ಮೇಲೆ ಮಗುಚಿ ಒತ್ತಿದರೆ ಬೆನ್ನು ಮುರಿಯುತ್ತದೆ. ಹೀಗಾಗಿ ಗ್ರಂಥಾಲಯಗಳು ‘ವಿ’ ಆಕಾರದ ತೊಟ್ಟಿಲಿರುವ ಸ್ಕ್ಯಾನರ್ ಬಳಸುತ್ತವೆ. ಪುಸ್ತಕ ಅರ್ಧ ತೆರೆದೇ ಕೂರುತ್ತದೆ, ಮೇಲಿನಿಂದ ಗಾಜಿನ ಹಲಗೆ ಮೆಲ್ಲಗೆ ಇಳಿದು ಪುಟವನ್ನು ಸಮ ಮಾಡುತ್ತದೆ, ಎರಡು ಕ್ಯಾಮೆರಾಗಳು ಎಡಬಲದ ಪುಟಗಳನ್ನು ಒಟ್ಟಿಗೆ ಸೆರೆಹಿಡಿಯುತ್ತವೆ. ಹಾಳೆ ತಿರುವುವುದು ಮಾತ್ರ ಮನುಷ್ಯರ ಕೈ.

ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಎಂಬ ಹೆಸರಿನಲ್ಲಿ ಸ್ವಯಂಸೇವಕರ ತಂಡವೊಂದು ಈ ಬಗೆಯ ಸ್ಕ್ಯಾನರ್‌ಗಳಿಂದ ಕನ್ನಡದ ಪುಸ್ತಕ, ನಿಯತಕಾಲಿಕೆಗಳನ್ನು ಚಿತ್ರೀಕರಿಸಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸುತ್ತ ಬಂದಿದೆ. ಅಲ್ಲಿ ಸಿಗುವ ಪುಟಗಳ ಸ್ಪಷ್ಟತೆಯನ್ನೂ ಇಪ್ಪತ್ತು ವರ್ಷ ಹಿಂದಿನ ಸ್ಕ್ಯಾನ್‌ಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲಸ ಎಷ್ಟು ಮುಂದೆ ಬಂದಿದೆ ಎಂಬುದು ತಿಳಿಯುತ್ತದೆ. ಹಳೆಯವುಗಳಲ್ಲಿ ಕತ್ತರಿಸಿಹೋದ ಅಂಚು, ಬಿಟ್ಟುಹೋದ ಪುಟ, ಬರೀ ಕಪ್ಪು ಬಿಳುಪಿನಲ್ಲಿ ಮಾಸಿದ ಅಕ್ಷರ ಸಾಮಾನ್ಯ.

ಎಷ್ಟು ಸ್ಪಷ್ಟತೆ ಬೇಕು? ಅಂಗುಲಕ್ಕೆ 300 ಚುಕ್ಕೆ ಎನ್ನುವುದು ಪುಸ್ತಕಕ್ಕೆ ಸಾಮಾನ್ಯವಾಗಿ ಒಪ್ಪಿರುವ ಕನಿಷ್ಠ ಅಳತೆ. ಎ-4 ಹಾಳೆಯ ಅರ್ಧದಷ್ಟಿರುವ ಎ-5 ಪುಟವನ್ನು ಈ ಅಳತೆಯಲ್ಲಿ ಬಣ್ಣದಲ್ಲಿ ತೆಗೆದು ಯಾವ ಸಂಕೋಚನವೂ ಇಲ್ಲದೆ ಉಳಿಸಿದರೆ ಪುಟಕ್ಕೆ ಸುಮಾರು 13 ಎಂಬಿ ಬೇಕು. ಇನ್ನೂರು ಪುಟದ ಪುಸ್ತಕಕ್ಕೆ 2.6 ಜಿಬಿ. ಇದು ಮೂಲಪ್ರತಿಯಾಗಿ ಭದ್ರವಾಗಿ ಇಡುವಂಥದ್ದು. ಓದುಗರ ಫೋನಿಗೆ ಬರುವುದು ಅದರಿಂದ ಇಳಿಸಿದ ಚಿಕ್ಕ ಪಿಡಿಎಫ್. ಪಿಡಿಎಫ್ ಮಾತ್ರ ಇಟ್ಟುಕೊಂಡು ಮೂಲವನ್ನು ಅಳಿಸಿಬಿಟ್ಟರೆ, ನಾಳೆ ಇನ್ನೂ ಉತ್ತಮ ತಂತ್ರಾಂಶ ಬಂದಾಗ ಮತ್ತೆ ಅದೇ ಮುರುಕಲು ಪುಸ್ತಕವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಎರಡನೇ ಪಾಠ: ಅಕ್ಷರ

ಸ್ಕ್ಯಾನ್ ಆದ ಪುಟ ಕಂಪ್ಯೂಟರಿಗೆ ಬರೀ ಚಿತ್ರ. ಅದರಲ್ಲಿ ಅಕ್ಷರ ಇದೆ ಎಂಬುದೇ ಅದಕ್ಕೆ ತಿಳಿಯದು. ಚಿತ್ರ ನೋಡಿ ಅಕ್ಷರ ಗುರುತಿಸುವ ತಂತ್ರಾಂಶವನ್ನು ಒಸಿಆರ್ ಎನ್ನುತ್ತಾರೆ. ಎಚ್‌ಪಿ ಕಂಪನಿ 1980ರ ದಶಕದಲ್ಲಿ ರೂಪಿಸಿ 2005ರಲ್ಲಿ ಮುಕ್ತಗೊಳಿಸಿದ ‘ಟೆಸರಾಕ್ಟ್’ ಇವತ್ತು ಕನ್ನಡವನ್ನೂ ಓದುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಸಂಗಡಿಗರು ಕನ್ನಡ ಲಿಪಿಗೆಂದೇ ‘ಲಿಪಿ ಜ್ಞಾನಿ’ ರೂಪಿಸಿದ್ದಾರೆ. ಗೂಗಲ್ ಡ್ರೈವ್‌ನಲ್ಲಿ ಪುಟದ ಚಿತ್ರವನ್ನು ಇಟ್ಟು ಡಾಕ್ಸ್‌ನಲ್ಲಿ ತೆರೆದರೂ ಕನ್ನಡ ಪಠ್ಯ ಬರುತ್ತದೆ.

ಬಂದದ್ದೆಲ್ಲ ಸರಿಯಿರುವುದಿಲ್ಲ. ಕನ್ನಡದ ಅಕ್ಷರ ಒಂದೇ ಗೆರೆಯಲ್ಲಿ ಕೂರುವಂಥದ್ದಲ್ಲ; ಮೇಲೆ ತಲೆಕಟ್ಟು, ಗುಣಿಸು, ಪಕ್ಕಕ್ಕೆ ದೀರ್ಘ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೂ ಒತ್ತು. ದ ಮತ್ತು ಧ, ಪ ಮತ್ತು ಫ ನಡುವೆ ಇರುವ ವ್ಯತ್ಯಾಸ ಒಂದು ಚಿಕ್ಕ ಗೆರೆ. ಅಚ್ಚಿನ ಶಾಯಿ ಮಾಸಿದ್ದರೆ ಆ ಗೆರೆಯೇ ಕಾಣದು. ಅರ್ಕಾವತ್ತು ಕನ್ನಡದ ಒಂಬತ್ತು ಅಂಕಿಯನ್ನೇ ಹೋಲುವುದರಿಂದ, ಹಳೆಯ ಅಚ್ಚಿನ ‘ಧರ್ಮ’ ಯಂತ್ರದ ಕಣ್ಣಿಗೆ ‘ಧಮ೯’ ಆಗುತ್ತದೆ. ಹಳಗನ್ನಡ ಕಾವ್ಯಗಳಲ್ಲಿ ಬರುವ ಱ, ೞಗಳ ಗತಿಯಂತೂ ಹೇಳುವುದೇ ಬೇಡ. ಮನುಷ್ಯರು ಕೂತು ತಿದ್ದಲೇಬೇಕು.

ಈ ತಿದ್ದುವ ಕೆಲಸಕ್ಕೆ ಅಚ್ಚುಕಟ್ಟಾದ ವ್ಯವಸ್ಥೆ ಮಾಡಿರುವುದು ‘ಕನ್ನಡ ವಿಕಿಸೋರ್ಸ್’ ಜಾಲತಾಣ. ಪರದೆಯ ಒಂದು ಬದಿಗೆ ಪುಟದ ಚಿತ್ರ, ಇನ್ನೊಂದು ಬದಿಗೆ ಪಠ್ಯ. ಇನ್ನೂ ಯಾರೂ ತಿದ್ದದ ಪುಟಕ್ಕೆ ಕೆಂಪು ಗುರುತು. ಒಬ್ಬರು ಚಿತ್ರದೊಡನೆ ಹೋಲಿಸಿ ಕರಡು ತಿದ್ದಿದ ಮೇಲೆ ಹಳದಿ. ಎರಡನೆಯವರು ಮತ್ತೆ ಪರಿಶೀಲಿಸಿದರೆ ಮಾತ್ರ ಹಸಿರು. ತಿದ್ದಿದವರೇ ತಮ್ಮ ಪುಟಕ್ಕೆ ಹಸಿರು ಕೊಟ್ಟುಕೊಳ್ಳುವಂತಿಲ್ಲ. ಮನೆಯಲ್ಲಿ ಕೂತು ದಿನಕ್ಕೊಂದು ಪುಟ ತಿದ್ದುವ ನಿವೃತ್ತ ಮೇಷ್ಟ್ರೂ ಕಾಲೇಜು ವಿದ್ಯಾರ್ಥಿಯೂ ಇಲ್ಲಿ ಸಮಾನರು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಾಗ ಅದನ್ನು ಪಠ್ಯವಾಗಿಸುವ ಕೆಲಸಕ್ಕೆ ಇಂಥ ಕೈಗಳೇ ಸೇರಿಕೊಂಡವು.

ಶ್ರಮ ಸಾರ್ಥಕವೇ? ‘ವಚನ ಸಂಚಯ’ ಜಾಲತಾಣವನ್ನು ತೆರೆದವರು ಆ ಪ್ರಶ್ನೆ ಕೇಳಲಾರರು. ಒ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತು ಗೆಳೆಯರು ಕಟ್ಟಿದ ಈ ತಾಣದಲ್ಲಿ ಇಪ್ಪತ್ತು ಸಾವಿರದಷ್ಟು ವಚನಗಳು ಪಠ್ಯರೂಪದಲ್ಲಿವೆ. ಒಂದು ಪದ ಕೊಟ್ಟರೆ ಅದನ್ನು ಯಾವ ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದು ಕ್ಷಣದಲ್ಲಿ ಕಾಣುತ್ತದೆ. ‘ಕಾಯಕ’ ಎಂಬ ಪದ ಅಲ್ಲಮನಲ್ಲಿ ಎಷ್ಟು, ಆಯ್ದಕ್ಕಿ ಮಾರಯ್ಯನಲ್ಲಿ ಎಷ್ಟು ಎಂದು ಹೋಲಿಸಲು ಹಿಂದೆ ವಿದ್ವಾಂಸರು ತಿಂಗಳುಗಟ್ಟಲೆ ಸಂಪುಟಗಳನ್ನು ತಿರುವಿಹಾಕಬೇಕಿತ್ತು. ಈಗ ಹೈಸ್ಕೂಲಿನ ಹುಡುಗಿ ಅದನ್ನು ಮಧ್ಯಾಹ್ನದ ಬಿಡುವಿನಲ್ಲಿ ಮಾಡಬಹುದು. ಪುಟಗಳ ಚಿತ್ರವಷ್ಟೇ ಇದ್ದಿದ್ದರೆ ಇದು ಸಾಧ್ಯವಿರಲಿಲ್ಲ.

ಕರಾವಳಿ, ಮಲೆನಾಡಿನ ಯಕ್ಷಗಾನಾಸಕ್ತರು ‘ಯಕ್ಷವಾಹಿನಿ’ಯ ಮೂಲಕ ಮಾಡುತ್ತಿರುವುದೂ ಇದನ್ನೇ. ಭಾಗವತರ ಮನೆಗಳಲ್ಲಿ ಉಳಿದಿದ್ದ ಹಳೆಯ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡುವುದು ಒಂದು ಕೆಲಸ. ಪ್ರಸಂಗಗಳನ್ನು ಹೊಸದಾಗಿ ಟೈಪ್ ಮಾಡಿ, ತಿದ್ದಿ ಕೋಶವಾಗಿಸುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ಮೂಲದಲ್ಲಿ ಏನಿತ್ತು ಎಂದು ನೋಡಬೇಕಾದವರಿಗೆ ಚಿತ್ರ, ಹಾಡಬೇಕಾದವರಿಗೆ ಪಠ್ಯ.

ಇಲ್ಲಿ ಯೂನಿಕೋಡ್ ಬಗ್ಗೆ ಒಂದು ಮಾತು. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ನಿಗದಿ ಮಾಡುವ ಈ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಜಾಗವಿದೆ. ಆದರೂ ನಮ್ಮ ಡಿಟಿಪಿ ಕೇಂದ್ರಗಳು, ಕಚೇರಿಗಳು ಬಹುಕಾಲ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿದವು. ಆ ಕಡತಗಳನ್ನು ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪುಸ್ತಕ ಕಂಪ್ಯೂಟರಿನಲ್ಲೇ ಹುಟ್ಟಿದ್ದರೂ ಹುಡುಕಾಟಕ್ಕೆ ಸಿಗದು. ಪರಿವರ್ತಕ ತಂತ್ರಾಂಶಗಳಿಂದ ಇವನ್ನು ಯೂನಿಕೋಡ್‌ಗೆ ತರಬಹುದು. ಪ್ರಕಾಶಕರ ಹಳೆಯ ಸಿ.ಡಿ.ಗಳಲ್ಲಿ ಮಲಗಿರುವ ಇಂಥ ಕಡತಗಳನ್ನು ಎಬ್ಬಿಸುವುದು ಸ್ಕ್ಯಾನಿಂಗ್‌ಗಿಂತ ಎಷ್ಟೋ ಸುಲಭದ ಕೆಲಸ. ಇನ್ನೂರು ಪುಟದ ಪುಸ್ತಕದ ಪೂರ್ತಿ ಪಠ್ಯ ಯೂನಿಕೋಡ್‌ನಲ್ಲಿ ಒಂದು ಎಂಬಿ ಕೂಡ ಆಗುವುದಿಲ್ಲ.

ಮೂರನೇ ಪಾಠ: ವಿವರ

ಮೆಟಾಡೇಟಾ ಎಂದರೆ ಪುಸ್ತಕದ ಜಾತಕ. ಯಾರು ಬರೆದದ್ದು, ಎಲ್ಲಿ ಅಚ್ಚಾಯಿತು, ಯಾವ ವರ್ಷ, ಯಾವ ವಿಷಯ, ಯಾವ ಭಾಷೆ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್ ಪಟ್ಟಣದಲ್ಲಿ ಸೇರಿದ ಗ್ರಂಥಪಾಲಕರು, ತಂತ್ರಜ್ಞರು ಇದಕ್ಕೆ ಒಂದು ಸರಳ ಪಟ್ಟಿಗೆ ಅಡಿಪಾಯ ಹಾಕಿದರು. ‘ಡಬ್ಲಿನ್ ಕೋರ್’ ಎಂದು ಹೆಸರಾದ ಆ ಪಟ್ಟಿಯಲ್ಲಿ ಇರುವುದು ಹದಿನೈದೇ ಅಂಶ. ಜಗತ್ತಿನ ಬಹುಪಾಲು ಡಿಜಿಟಲ್ ಗ್ರಂಥಾಲಯಗಳು ಇವತ್ತಿಗೂ ಅದನ್ನೇ ಆಧರಿಸಿವೆ.

ಕನ್ನಡದ ಒಂದು ಪುಸ್ತಕವನ್ನು ತೆಗೆದುಕೊಳ್ಳೋಣ. ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯ’, 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಕಾದಂಬರಿ. ಬರೆದವರ ಹೆಸರನ್ನು ಗುಲ್ವಾಡಿ ಎಂದು ನಮೂದಿಸಬೇಕೇ, ಗುಲವಾಡಿ ಎಂದೇ? ವೆಂಕಟರಾವ್ ಎಂದೇ, ವೆಂಕಟರಾಯ ಎಂದೇ? ಒಂದೊಂದು ಗ್ರಂಥಾಲಯ ಒಂದೊಂದು ಬಗೆಯಲ್ಲಿ ಬರೆದರೆ ಒಬ್ಬರೇ ಲೇಖಕರು ನಾಲ್ವರಾಗಿ ಚದುರಿಹೋಗುತ್ತಾರೆ.

ಕಾವ್ಯನಾಮಗಳ ನಾಡಾದ ಕನ್ನಡದಲ್ಲಿ ಈ ತೊಡಕು ಇನ್ನೂ ದೊಡ್ಡದು. ಮಾಸ್ತಿ ‘ಶ್ರೀನಿವಾಸ’ರೂ ಹೌದು, ಬೇಂದ್ರೆ ‘ಅಂಬಿಕಾತನಯದತ್ತ’ರೂ ಹೌದು. ಕುಳಕುಂದ ಶಿವರಾಯರು ನಿರಂಜನ, ಆದ್ಯ ರಂಗಾಚಾರ್ಯರು ಶ್ರೀರಂಗ, ಅನಸೂಯಾ ಶಂಕರ್ ತ್ರಿವೇಣಿ, ನಂದಳಿಕೆಯ ಲಕ್ಷ್ಮೀನಾರಣಪ್ಪ ಮುದ್ದಣ. ಕನ್ನಡ ಓದುಗರಿಗೆ ಇದು ಬಾಯಿಪಾಠ. ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು. ಒಬ್ಬ ಲೇಖಕರ ಎಲ್ಲ ಹೆಸರುಗಳನ್ನೂ ಒಂದೇ ಗುರುತಿಗೆ ಕಟ್ಟುವ ದಾಖಲೆಯನ್ನು ಗ್ರಂಥಪಾಲಕರು ಬಹು ಹಿಂದಿನಿಂದ ಮಾಡುತ್ತ ಬಂದಿದ್ದಾರೆ. ಡಿಜಿಟಲ್ ಕಾಲದಲ್ಲಿ ಅದರ ಬೆಲೆ ಇಮ್ಮಡಿಯಾಗಿದೆ.

ಈ ಕೆಲಸವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸಂಗ್ರಹವೇ ಸಾಕ್ಷಿ. ಕನ್ನಡ ಶೀರ್ಷಿಕೆಗಳನ್ನು ರೋಮನ್ ಅಕ್ಷರದಲ್ಲಿ ದಾಖಲಿಸಿದ್ದಾರೆ. ದೀರ್ಘಕ್ಕೆ ಒಬ್ಬರು ಎರಡು ‘ಎ’ ಹಾಕಿದರೆ ಇನ್ನೊಬ್ಬರು ಒಂದೇ ಹಾಕಿದ್ದಾರೆ, ಟ-ಡ-ಣಗಳಿಗೆ ಬಗೆಬಗೆಯ ಚಿಹ್ನೆ ಸೇರಿಸಿದ್ದಾರೆ. ಎಷ್ಟೋ ಕಡೆ ಲೇಖಕರ ಹೆಸರಿನ ಜಾಗ ಖಾಲಿ. ಮುತ್ತಿನಂಥ ಪುಸ್ತಕಗಳು ಅಲ್ಲಿವೆ, ಹೆಸರು ಹಿಡಿದು ಕರೆದರೆ ಓಗೊಡುವುದಿಲ್ಲ.

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರಗಳನ್ನು ಬರೆದಿದ್ದರು. ಓದುಗರ ಸಮಯ ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ಅವರು 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ್ದು ಬೆಂಗಳೂರಿನಲ್ಲಿ, 1972ರಲ್ಲಿ ಕಣ್ಮುಚ್ಚಿದ್ದೂ ಇಲ್ಲೇ. ಅವರ ನಾಲ್ಕನೆಯ ಸೂತ್ರಕ್ಕೆ ಮೆಟಾಡೇಟಾದಷ್ಟು ನೇರವಾಗಿ ದುಡಿಯುವ ಕೆಲಸ ಇನ್ನೊಂದಿಲ್ಲ. ಐಐಟಿ ಖರಗಪುರ ನಡೆಸುವ ‘ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ’ ಇದರ ಮೇಲೆಯೇ ನಿಂತಿದೆ. ಬಹುಪಾಲು ಪುಸ್ತಕಗಳನ್ನು ಅದು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಬೇರೆ ಬೇರೆ ಸಂಸ್ಥೆಗಳ ಪುಸ್ತಕ, ಪ್ರಬಂಧ, ಉಪನ್ಯಾಸಗಳ ವಿವರಗಳನ್ನು ಒಂದೆಡೆ ಸೇರಿಸಿ, ಹುಡುಕಿದವರನ್ನು ಮೂಲ ಇರುವಲ್ಲಿಗೆ ಕರೆದೊಯ್ಯುತ್ತದೆ.

ನಾಲ್ಕನೇ ಪಾಠ: ಹಕ್ಕು

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಲೇಖಕರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ ಇನ್ನು 60 ವರ್ಷ ಕೃತಿಯ ಹಕ್ಕು ಅವರದು, ಅವರ ವಾರಸುದಾರರದು. ಮೊದಲು 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಅದನ್ನು 60ಕ್ಕೆ ಏರಿಸಲಾಯಿತು.

ಲೆಕ್ಕ ಸುಲಭ. ಮಂಜೇಶ್ವರ ಗೋವಿಂದ ಪೈ ಮತ್ತು ತ್ರಿವೇಣಿ ಇಬ್ಬರೂ ತೀರಿಕೊಂಡದ್ದು 1963ರಲ್ಲಿ. 2024ರ ಜನವರಿ 1ರಿಂದ ಅವರ ಬದುಕಿನಲ್ಲಿ ಪ್ರಕಟವಾದ ಕೃತಿಗಳು ಸಾರ್ವಜನಿಕ ಸ್ವತ್ತು. ಯಾರು ಬೇಕಾದರೂ ಸ್ಕ್ಯಾನ್ ಮಾಡಬಹುದು, ಮುದ್ರಿಸಬಹುದು, ಧ್ವನಿಪುಸ್ತಕ ಮಾಡಬಹುದು. ಆಲೂರು ವೆಂಕಟರಾಯರದು 2025ರಿಂದ. ಪಂಜೆ ಮಂಗೇಶರಾಯ, ಬಿ.ಎಂ. ಶ್ರೀಕಂಠಯ್ಯ, ಟಿ.ಪಿ. ಕೈಲಾಸಂ ಇನ್ನೂ ಹಿಂದಿನವರು. ಡಿ.ವಿ.ಜಿ.ಯವರ ಕೃತಿಗಳಿಗೆ 2036, ಬೇಂದ್ರೆಯವರಿಗೆ 2042, ಕುವೆಂಪು ಅವರಿಗೆ 2055ರ ತನಕ ಕಾಯಬೇಕು. ಇಲ್ಲೊಂದು ಸೂಕ್ಷ್ಮವಿದೆ. ಹತ್ತನೇ ಶತಮಾನದ ಪಂಪನ ಕಾವ್ಯಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಇತ್ತೀಚೆಗೆ ಯಾರೋ ಬರೆದ ಮುನ್ನುಡಿ, ಗದ್ಯಾನುವಾದ, ಟಿಪ್ಪಣಿಗಳಿಗೆ ಆ ವಿದ್ವಾಂಸರ ಹಕ್ಕು ಇದ್ದೇ ಇರುತ್ತದೆ.

ಅಷ್ಟು ವರ್ಷ ಕಾಯದೆ ಬಿಟ್ಟುಕೊಡುವ ದಾರಿಯೂ ಇದೆ. ನಿರಂಜನರ ಕುಟುಂಬ 2014ರಲ್ಲಿ ಅವರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿತು. ಲೇಖಕರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರಾದರೂ ಬಳಸಬಹುದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ ಮುಕ್ತವಾಗಿ ಅಂತರ್ಜಾಲಕ್ಕೆ ಬಂದದ್ದೂ ಇದೇ ಬಗೆಯ ಔದಾರ್ಯದಿಂದ. ಮರುಮುದ್ರಣ ಕಾಣದ ಪುಸ್ತಕಗಳ ಹಕ್ಕು ಇಟ್ಟುಕೊಂಡಿರುವ ಮಕ್ಕಳು, ಮೊಮ್ಮಕ್ಕಳು ಈ ದಾರಿಯನ್ನು ಮನಸ್ಸಿಟ್ಟು ಯೋಚಿಸಬೇಕು. ಅರವತ್ತು ವರ್ಷ ತುಂಬುವ ಹೊತ್ತಿಗೆ ಕೊನೆಯ ಪ್ರತಿಯೇ ಉಳಿಯದಿದ್ದರೆ ಹಕ್ಕು ಮುಕ್ತವಾಗಿ ಪ್ರಯೋಜನವಿಲ್ಲ.

ಹಕ್ಕು ಇರುವ ಪುಸ್ತಕವನ್ನು ಗ್ರಂಥಾಲಯವೇ ಸ್ಕ್ಯಾನ್ ಮಾಡಿ ಒಂದು ಪ್ರತಿಗೆ ಒಬ್ಬ ಓದುಗರಂತೆ ಎರವಲು ಕೊಡಬಹುದೇ ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ನಾಲ್ಕು ದೊಡ್ಡ ಪ್ರಕಾಶಕರು 2020ರಲ್ಲಿ ಇಂಟರ್‌ನೆಟ್ ಆರ್ಕೈವ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ 2023ರಲ್ಲೂ, ಮೇಲ್ಮನವಿಯಲ್ಲಿ 2024ರಲ್ಲೂ ತೀರ್ಪು ಪ್ರಕಾಶಕರ ಪರ ಬಂತು. ಸುಮಾರು ಐದು ಲಕ್ಷ ಪುಸ್ತಕಗಳನ್ನು ಎರವಲಿನಿಂದ ತೆಗೆಯಬೇಕಾಯಿತು.

ಐದನೇ ಪಾಠ: ನಕಲು

ಡಿಜಿಟಲ್ ಆದದ್ದು ಶಾಶ್ವತ ಎಂಬ ನಂಬಿಕೆ ಅಪಾಯಕಾರಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಮೂಲ ಜಾಲತಾಣವೇ ಈಗ ಓದುಗರಿಗೆ ತೆರೆಯುವುದಿಲ್ಲ. ಅಲ್ಲಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಇವತ್ತು ಸಿಗುತ್ತಿರುವುದು ಅವುಗಳ ನಕಲನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇಟ್ಟಿದ್ದರಿಂದ. ಅಲ್ಲಿನ ಗುರುತಿನಲ್ಲಿ ‘ಡಿಎಲ್‌ಐ’ ಎಂಬ ಅಕ್ಷರಗಳು ಕಂಡರೆ ಅದು ಆ ಯೋಜನೆಯ ಪುಸ್ತಕವೆಂದು ತಿಳಿಯಬೇಕು.

ನಕಲು ಇಟ್ಟುಕೊಂಡವರಿಗೂ ಆಪತ್ತು ತಪ್ಪಿದ್ದಲ್ಲ. 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಕೋರರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ವ್ಯವಸ್ಥೆಯನ್ನೇ ಕೆಡವಿದರು; ಅದರ ಮುಖ್ಯ ಕ್ಯಾಟಲಾಗ್ ಮತ್ತೆ ನೋಡಲು ಸಿಕ್ಕಿದ್ದು 2024ರ ಜನವರಿಯಲ್ಲಿ. 2024ರ ಅಕ್ಟೋಬರಿನಲ್ಲಿ ಇಂಟರ್‌ನೆಟ್ ಆರ್ಕೈವ್ ಮೇಲೂ ದಾಳಿ ನಡೆದು ದಿನಗಟ್ಟಲೆ ಸ್ಥಗಿತವಾಯಿತು. ಒಂದೇ ಕಡೆಯ ನಕಲು ಸಾಲದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕರು 1999ರಲ್ಲಿ ಆರಂಭಿಸಿದ ‘ಲಾಕ್ಸ್’ ಯೋಜನೆಯ ತಿರುಳೇ ಇದು: ಒಂದೇ ಪಠ್ಯವನ್ನು ಹಲವು ಗ್ರಂಥಾಲಯಗಳು ಇಟ್ಟುಕೊಂಡು, ಆಗಾಗ ಪರಸ್ಪರ ಹೋಲಿಸಿ, ಒಂದರಲ್ಲಿ ಕೆಟ್ಟದ್ದನ್ನು ಇನ್ನೊಂದರಿಂದ ಸರಿಪಡಿಸಿಕೊಳ್ಳಬೇಕು.

ಕನ್ನಡದ ಹಳೆಯ ಮುದ್ರಿತ ಸಂಪತ್ತಿನ ಒಂದು ಭಾಗ ಉಳಿದದ್ದೂ ದೂರದೂರಿನ ಪ್ರತಿಗಳಿಂದ. ಬಾಸೆಲ್ ಮಿಷನ್ನಿನವರು ಯುರೋಪಿಗೆ ಒಯ್ದ ಪುಸ್ತಕ, ಹಸ್ತಪ್ರತಿಗಳನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಿಜಿಟಲ್ ರೂಪಕ್ಕೆ ತಂದು 2018ರಲ್ಲಿ ‘ಗುಂಡರ್ಟ್ ಪೋರ್ಟಲ್’ ಮೂಲಕ ತೆರೆದಿಟ್ಟಿತು. ಮಲಯಾಳಂ ಜೊತೆಗೆ ಕನ್ನಡ, ತುಳು ಪುಸ್ತಕಗಳೂ ಅದರಲ್ಲಿವೆ. ಮಂಗಳೂರಿನಲ್ಲಿ ಅಚ್ಚಾದದ್ದನ್ನು ಮಂಗಳೂರಿನ ಓದುಗರು ಈಗ ಅಲ್ಲಿಂದ ಇಳಿಸಿಕೊಳ್ಳಬಹುದು.

ಓದುಗರು ಎಲ್ಲಿಂದ ಶುರು ಮಾಡಬೇಕು?

ಹಳೆಯ ಪುಸ್ತಕಕ್ಕೆ ಇಂಟರ್‌ನೆಟ್ ಆರ್ಕೈವ್. ಕನ್ನಡ ಲಿಪಿಯಲ್ಲಿ ಹುಡುಕಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಬಗೆಯ ಕಾಗುಣಿತ ಪ್ರಯತ್ನಿಸಬೇಕು. ಶೀರ್ಷಿಕೆಯ ಒಂದೇ ಪದ ಕೊಟ್ಟು, ಪಕ್ಕದ ಪಟ್ಟಿಯಲ್ಲಿ ಭಾಷೆಯನ್ನು ಕನ್ನಡಕ್ಕೆ ಸೀಮಿತಗೊಳಿಸಿದರೆ ಇನ್ನೂ ಒಳ್ಳೆಯದು. ತಿದ್ದಿದ ಪಠ್ಯ ಬೇಕಿದ್ದರೆ ವಿಕಿಸೋರ್ಸ್, ವಚನಗಳಿಗೆ ವಚನ ಸಂಚಯ. ನಿಘಂಟುಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ ‘ಭಾರತವಾಣಿ’. ಕನ್ನಡದ ಮಾಹಿತಿ ಸಾಹಿತ್ಯಕ್ಕೆ ‘ಕಣಜ’. ಪಿಎಚ್‌ಡಿ ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’. ಶಾಲಾ ಪಾಠ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ತೆರೆದ ಡಿಜಿಟಲ್ ಗ್ರಂಥಾಲಯವಿದೆ. ಫೋನ್ ಆ್ಯಪ್ ಮೂಲಕ ಉಚಿತವಾಗಿ ಸದಸ್ಯರಾಗಬಹುದು.

ಇವೆಲ್ಲ ತುಂಬಿದ ಮೇಲೂ ಉಳಿಯುವ ಖಾಲಿ ಜಾಗ ಊರಿನದು. ಜಾತ್ರೆಯ ಸ್ಮರಣ ಸಂಚಿಕೆ, ಹೈಸ್ಕೂಲಿನ ವಾರ್ಷಿಕ ಸಂಚಿಕೆ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಭಾಷಣ, ಕಂಪನಿ ನಾಟಕದ ಹಾಡಿನ ಪುಸ್ತಕ, ಸ್ಥಳೀಯ ಮುದ್ರಣಾಲಯ ಅಚ್ಚು ಹಾಕಿದ ಭಜನೆ ಪದಗಳು. ಇವು ದೊಡ್ಡ ಗ್ರಂಥಾಲಯಗಳಿಗೆ ತಲುಪುವುದು ಕಡಿಮೆ, ಮನೆ ಬದಲಿಸುವಾಗ ರದ್ದಿಗೆ ಹೋಗುವುದು ಹೆಚ್ಚು. ರಾಜ್ಯದಲ್ಲಿ ಈಗ ‘ಅರಿವು ಕೇಂದ್ರ’ಗಳೆಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚು ಇವೆ, ಅನೇಕ ಕಡೆ ಕಂಪ್ಯೂಟರ್, ಇಂಟರ್‌ನೆಟ್ ಬಂದಿವೆ. ಸ್ಕ್ಯಾನರ್ ಬರುವ ತನಕ ಕಾಯದೆ ಅವು ಇವತ್ತೇ ಕೈಗೆತ್ತಿಕೊಳ್ಳಬಹುದಾದ ಕೆಲಸವೊಂದಿದೆ. ತಮ್ಮ ಪಂಚಾಯಿತಿಯ ಮನೆಗಳಲ್ಲಿ, ಶಾಲೆಗಳಲ್ಲಿ, ಮಠ-ದೇವಸ್ಥಾನಗಳಲ್ಲಿ ಇರುವ 1965ಕ್ಕೂ ಹಿಂದಿನ ಮುದ್ರಿತ ಪುಸ್ತಕಗಳ ಪಟ್ಟಿಯನ್ನು ಯೂನಿಕೋಡ್ ಕನ್ನಡದಲ್ಲಿ ಮಾಡುವುದು. ಅದಕ್ಕೆ ಐದು ಕಲಂ ಸಾಕು: ಶೀರ್ಷಿಕೆ, ಬರೆದವರು, ಪ್ರಕಾಶಕರು ಮತ್ತು ಊರು, ಅಚ್ಚಾದ ವರ್ಷ, ಪ್ರತಿ ಈಗ ಯಾರ ಬಳಿಯಿದೆ. ಸ್ಕ್ಯಾನ್ ಮಾಡುವ ತಂಡಗಳು ರಾಜ್ಯದಲ್ಲಿವೆ. ಯಾವ ಮನೆಯ ಬಾಗಿಲು ಮೊದಲು ತಟ್ಟಬೇಕು ಎಂಬುದು ಆ ಪಟ್ಟಿಯಿಂದ ಅವರಿಗೆ ತಿಳಿಯುತ್ತದೆ.